ಬಾಸ್ಟನ್ ಸುತ್ತಿನ ಬೇಸ್‌ಮೆಂಟ್‌ಗಳಲ್ಲಿ ಹಳೆ ಹೈ-ಫೈ ಹುಡುಕಾಟ

ಗುರುವಾರ: ಶ್ರೂಸ್‌ಬರಿ ದಾರಿ

ಹಳೆಯ ಆಂಪ್ಲಿಫೈಯರ್, ಸ್ಪೀಕರ್ ಹುಡುಕೋಕೆ ನ್ಯೂಜರ್ಸಿಯಲ್ಲೇ ಬೇಕಾದಷ್ಟು ಮನೆಗಳಿವೆ. ಆದರೂ ಸೆಪ್ಟೆಂಬರ್‌ನಲ್ಲಿ ರಜೆ ಹಾಕಿ ಮ್ಯಾಸಚೂಸೆಟ್ಸ್ ಕಡೆ ಹೊರಟೆ. ಅಮೆರಿಕದ ಹೈ-ಫೈ, ಅಂದರೆ ಮನೆಯಲ್ಲಿ ಸಂಗೀತ ಕೇಳುವ ಒಳ್ಳೆ ಯಂತ್ರಗಳ, ಕಥೆಯ ದೊಡ್ಡ ಪಾಲು ನಡೆದದ್ದು ಬಾಸ್ಟನ್ ಸುತ್ತಮುತ್ತಲೇ. ಅಕೌಸ್ಟಿಕ್ ರಿಸರ್ಚ್, ಕೆಎಲ್‌ಎಚ್, ಅಡ್ವೆಂಟ್ ಎಂಬ ಸ್ಪೀಕರ್ ಕಂಪನಿಗಳು ಮೂರೂ ಬಾಸ್ಟನ್ ಪಕ್ಕದ ಕೇಂಬ್ರಿಜ್‌ನವು. ಎಚ್.ಎಚ್. ಸ್ಕಾಟ್ ಕಂಪನಿ ಮೇನಾರ್ಡ್‌ನಲ್ಲಿತ್ತು. ಬೋಸ್ ಇವತ್ತಿಗೂ ಫ್ರೇಮಿಂಗ್‌ಹ್ಯಾಮ್‌ನಲ್ಲಿದೆ. ಇದರ ಜೊತೆಗೆ ಎಂಐಟಿ, ಲಿಂಕನ್ ಲ್ಯಾಬೊರೇಟರಿ, ರೇಥಿಯಾನ್, ಡಿಜಿಟಲ್ ಇಕ್ವಿಪ್‌ಮೆಂಟ್. ಇಲ್ಲೆಲ್ಲ ದುಡಿದ ಎಂಜಿನಿಯರುಗಳು 128ನೇ ನಂಬರ್ ರಸ್ತೆಯ ಆಚೀಚೆ ಮನೆ ಕಟ್ಟಿಕೊಂಡರು. 1960ರ ದಶಕದಲ್ಲಿ ಮೂವತ್ತರ ಹರೆಯದಲ್ಲಿದ್ದವರಿಗೆ ಈಗ ತೊಂಬತ್ತು ದಾಟಿದೆ. ಆ ಮನೆಗಳು ಒಂದೊಂದಾಗಿ ಖಾಲಿಯಾಗುತ್ತಿವೆ.

ಎಸ್ಟೇಟ್ ಸೇಲ್ ಅಂದರೆ ಏನು ಅಂತ ಊರಿನಲ್ಲಿರುವವರಿಗೆ ಸ್ವಲ್ಪ ಹೇಳಬೇಕು. ಮನೆಯ ಹಿರಿಯರು ತೀರಿಕೊಂಡಾಗ, ಅಥವಾ ಮನೆ ಬಿಟ್ಟು ವೃದ್ಧರ ವಸತಿಗೆ ಹೋದಾಗ, ಮಕ್ಕಳು ಒಂದು ಕಂಪನಿಯನ್ನು ಕರೆಸುತ್ತಾರೆ. ಕಂಪನಿಯವರು ಚಮಚದಿಂದ ಹಿಡಿದು ಸೋಫಾದವರೆಗೆ ಎಲ್ಲಕ್ಕೂ ಬೆಲೆ ಚೀಟಿ ಅಂಟಿಸಿ, ಫೋಟೊ ತೆಗೆದು ಹಾಕಿ, ವಾರದ ಕೊನೆಗೆ ಎರಡು ಮೂರು ದಿನ ಮನೆ ಬಾಗಿಲು ತೆರೆದಿಡುತ್ತಾರೆ. ಗುರುತು ಪರಿಚಯ ಇಲ್ಲದವರು ಬಂದು, ರೂಮು ರೂಮು ಸುತ್ತಿ, ಬೇಕಾದ್ದನ್ನು ಕೊಂಡು ಹೋಗುತ್ತಾರೆ. ಮಾರಾಟದಲ್ಲಿ ಒಂದು ಪಾಲು ಕಂಪನಿಗೆ, ಉಳಿದದ್ದು ಮನೆಯವರಿಗೆ. ನಮ್ಮಲ್ಲಾದರೆ ಅಣ್ಣತಮ್ಮಂದಿರು ಹಂಚಿಕೊಂಡು, ಮಿಕ್ಕಿದ್ದು ಅಟ್ಟ ಸೇರುತ್ತದೆ. ಇಲ್ಲಿ ಮಕ್ಕಳು ದೂರದ ರಾಜ್ಯಗಳಲ್ಲಿರುತ್ತಾರೆ. ಮನೆ ಬೇಗ ಮಾರಾಟವಾಗಬೇಕು.

ಹಡ್ಸನ್ ದಾಟಿ, 84ನೇ ಹೆದ್ದಾರಿ ಹಿಡಿದು, ಡ್ಯಾನ್‌ಬರಿ, ವಾಟರ್‌ಬರಿ, ಹಾರ್ಟ್‌ಫರ್ಡ್ ಕಳೆದರೆ ಸ್ಟರ್‌ಬ್ರಿಜ್. ಪಕ್ಕದ ಬ್ರಿಮ್‌ಫೀಲ್ಡ್‌ನಲ್ಲಿ ಮೇ, ಜುಲೈ, ಸೆಪ್ಟೆಂಬರ್‌ನಲ್ಲಿ ಹಳೆ ಸಾಮಾನಿನ ದೊಡ್ಡ ಸಂತೆ ಸೇರುತ್ತದೆ. ನಾನು ಹೋಗುವಷ್ಟರಲ್ಲಿ ಈ ಸಲದ್ದು ಮುಗಿದಿತ್ತು. ಅದಕ್ಕೆ ಬೇಜಾರೇನೂ ಇರಲಿಲ್ಲ. ಸಂತೆಗೆ ಬರುವ ಹೊತ್ತಿಗೆ ಸಾಮಾನು ಎರಡು ಮೂರು ಕೈ ದಾಟಿರುತ್ತದೆ. ಯಾರದು, ಎಲ್ಲಿತ್ತು, ಹೇಗೆ ಬಳಸಿದರು ಅಂತ ಹೇಳುವವರು ಇರುವುದಿಲ್ಲ. ಮನೆಯಲ್ಲಾದರೆ ಗೋಡೆ, ಮೇಜು, ಡ್ರಾಯರ್ ಎಲ್ಲವೂ ಹೇಳುತ್ತವೆ. ಹಳೆ ಯಂತ್ರ ಕೊಳ್ಳುವಾಗ ನಾನು ಮೊದಲು ಮನೆ ನೋಡುತ್ತೇನೆ, ಆಮೇಲೆ ಯಂತ್ರ.

ಸಂಜೆಗೆ ಶ್ರೂಸ್‌ಬರಿಯಲ್ಲಿ ಅಕ್ಕನ ಮನೆ ಸೇರಿದೆ. ಊಟಕ್ಕೆ ಕೂತಾಗ ಅಕ್ಕ ಕೇಳಿದಳು, "ಸತ್ತೋರ ಮನೆ ಸಾಮಾನು ಯಾಕೋ ತರ್ತೀಯ?"

"ತಾತನ ಗಡಿಯಾರ ಇನ್ನೂ ನಮ್ಮ ಹಜಾರದಲ್ಲೇ ಇದೆ ಅಲ್ವಾ ಅಕ್ಕ?"

"ಅದು ನಮ್ಮ ತಾತಂದು ಕಣೋ."

ಅವಳ ಮಾತಿನಲ್ಲಿ ನ್ಯಾಯ ಇದೆ. ನಾನು ಮುಂದುವರಿಸಲಿಲ್ಲ.

ಊಟವಾದ ಮೇಲೆ ನಾನೂ ಭಾವನೂ ಲ್ಯಾಪ್‌ಟಾಪ್ ಮುಂದೆ ಕೂತೆವು. ಕಂಪನಿಯವರು ಫೋಟೊ ತೆಗೆಯುವುದು ಪಿಂಗಾಣಿ, ಬೆಳ್ಳಿ, ಮರದ ಪೀಠೋಪಕರಣಗಳದ್ದು. ನಮಗೆ ಬೇಕಾದದ್ದು ಮೂಲೆಯಲ್ಲಿ ಎಲ್ಲೋ ಅರ್ಧ ಕಾಣುತ್ತದೆ. ಪುಸ್ತಕದ ಕಪಾಟಿನ ಎರಡು ತುದಿಯಲ್ಲಿ ಒಂದೇ ಅಳತೆಯ ಮರದ ಪೆಟ್ಟಿಗೆಗಳು, ಮುಂದೆ ಮಾಸಿದ ಲಿನನ್ ಬಟ್ಟೆ. ಟೇಬಲ್ ಲ್ಯಾಂಪ್ ಹಿಂದಿನಿಂದ ಇಣುಕುವ, ರೆಕಾರ್ಡ್ ಪ್ಲೇಯರಿನ ಟೋನ್‌ಆರ್ಮ್. ಬೇಸ್‌ಮೆಂಟಿನ ಫೋಟೊದಲ್ಲಿ ಆಸಿಲೋಸ್ಕೋಪ್ (ವಿದ್ಯುತ್ ಅಲೆಗಳನ್ನು ತೋರಿಸುವ ಯಂತ್ರ) ಕಂಡರೆ ಆ ಮನೆಗೆ ಹೋಗಲೇಬೇಕು. ಬಹಳಷ್ಟು ಸೇಲ್‌ಗಳ ವಿಳಾಸ ಹೊರಬೀಳುವುದೇ ಹಿಂದಿನ ದಿನ. ನಾವು ಗುರುತು ಹಾಕಿಕೊಂಡ ಎರಡು ವಿಳಾಸ ಆಗಲೇ ಬಂದಿದ್ದವು: ಲೆಕ್ಸಿಂಗ್ಟನ್, ಆಕ್ಟನ್.

ಶುಕ್ರವಾರ: ಲೆಕ್ಸಿಂಗ್ಟನ್

ಬಾಗಿಲು ತೆಗೆಯುವುದು ಒಂಬತ್ತಕ್ಕೆ. ಆರೂವರೆಗೆ ಹೋದರೂ ನಮಗಿಂತ ಮುಂಚೆ ಬಂದವರಿದ್ದರು. ಯಾರೋ ಒಬ್ಬರು ಹಾಳೆ ಇಟ್ಟುಕೊಂಡು ಬಂದ ಸಾಲಿನಲ್ಲಿ ಹೆಸರು ಬರೆಸುತ್ತಿದ್ದರು. ಆಮೇಲೆ ಕಂಪನಿಯವರು ಅದೇ ಸಾಲಿನಂತೆ ನಂಬರ್ ಚೀಟಿ ಕೊಡುತ್ತಾರೆ. ಒಳಗೆ ಒಂದು ಸಲಕ್ಕೆ ಇಷ್ಟೇ ಜನ ಅಂತ ಲೆಕ್ಕ. ಸಾಲಿನಲ್ಲಿರುವವರ ಆಸೆಗಳು ಬೇರೆ ಬೇರೆ. ಒಬ್ಬರಿಗೆ ಕೈಗಡಿಯಾರ, ಒಬ್ಬರಿಗೆ ಬಡಗಿ ಸಾಮಾನು, ಇನ್ನೊಬ್ಬರಿಗೆ ಡೆನ್ಮಾರ್ಕಿನ ಕುರ್ಚಿ. ಬರೀ ರೆಕಾರ್ಡಿಗಾಗಿ ಬರುವವರು ಒಳಗೆ ಹೋದ ತಕ್ಷಣ ಮಂಡಿಯೂರಿ ಕೂರುತ್ತಾರೆ, ನೋಡಿದ ಕೂಡಲೇ ಗೊತ್ತಾಗುತ್ತದೆ.

ಲೆಕ್ಸಿಂಗ್ಟನ್‌ನಲ್ಲಿ 1950ರ ಆಸುಪಾಸಿನ ಮಾಡರ್ನ್ ಮನೆಗಳ ಬಡಾವಣೆಗಳಿವೆ. ಚಪ್ಪಟೆ ಸೂರು, ದೊಡ್ಡ ಗಾಜು, ಸುತ್ತ ಮರಗಳು. ಇದೂ ಅಂಥದೇ ಮನೆ. ಹಜಾರಕ್ಕೆ ಕಾಲಿಟ್ಟಾಗ ಎದುರಿಗೇ ಎಆರ್-3ಎ, ಅಂದರೆ ಅಕೌಸ್ಟಿಕ್ ರಿಸರ್ಚ್‌ನವರ ಸ್ಪೀಕರ್ ಜೋಡಿ. ಅಷ್ಟರಲ್ಲಿ ಎರಡನೇ ನಂಬರಿನವನು ಅದರ ಮೇಲೆ ತನ್ನ ಹೆಸರಿನ ನೀಲಿ ಟೇಪು ಅಂಟಿಸಿ ಆಗಿತ್ತು. ಚೀಟಿಯಲ್ಲಿ 700 ಡಾಲರ್.

ಈ ಸ್ಪೀಕರಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮನೆಯಲ್ಲಿ ಇಡುವಂಥ ಸಣ್ಣ ಸ್ಪೀಕರ್ ಅನ್ನುವುದು ಶುರುವಾದದ್ದೇ ಈ ಕಂಪನಿಯಿಂದ. ಅಲ್ಲಿಯವರೆಗೆ ತಗ್ಗು ಸ್ವರ ಚೆನ್ನಾಗಿ ಕೇಳಬೇಕೆಂದರೆ ಪೆಟ್ಟಿಗೆ ಆಳೆತ್ತರ ಇರಬೇಕಿತ್ತು. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಸಂಜೆ ಪಾಠ ಮಾಡುತ್ತಿದ್ದ ಎಡ್ಗರ್ ವಿಲ್ಚರ್ ಬೇರೆ ದಾರಿ ಯೋಚಿಸಿದರು. ಸ್ಪೀಕರಿನಲ್ಲಿ ಅದುರಿ ಸದ್ದು ಹೊರಡಿಸುವ ಶಂಕುವನ್ನು, ಅಂದರೆ ಕೋನ್ ಅನ್ನು, ತೀರಾ ಸಡಿಲವಾಗಿ ಕಟ್ಟಿ, ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿಬಿಡುವುದು. ಒಳಗೆ ಸಿಕ್ಕಿಕೊಂಡ ಗಾಳಿಯೇ ಸ್ಪ್ರಿಂಗ್. ಸೈಕಲ್ ಪಂಪಿನ ಬಾಯಿಗೆ ಬೆರಳು ಒತ್ತಿ ಹಿಡಿಕೆ ತಳ್ಳಿದರೆ ಅದು ಕೈಯನ್ನು ವಾಪಸ್ ನೂಕುತ್ತದಲ್ಲ, ಅದೇ ಕೆಲಸ. ಆ ಪಾಠ ಕೇಳಿದವರಲ್ಲಿ ಹೆನ್ರಿ ಕ್ಲಾಸ್ ಎಂಬ ಹುಡುಗ ಇದ್ದ. ಸೇನೆಯ ಕೆಲಸದ ಮೇಲೆ ಆಗ ನ್ಯೂಜರ್ಸಿಯಲ್ಲಿದ್ದ. ಇಬ್ಬರೂ ಸೇರಿ 1954ರಲ್ಲಿ ಕೇಂಬ್ರಿಜ್‌ನಲ್ಲಿ ಅಕೌಸ್ಟಿಕ್ ರಿಸರ್ಚ್ ಶುರು ಮಾಡಿದರು. ಕ್ಲಾಸ್ 1957ರಲ್ಲಿ ಹೊರಬಂದು ಕೆಎಲ್‌ಎಚ್ ಕಟ್ಟಿದರು, ಅದಾದ ಮೇಲೆ ಅಡ್ವೆಂಟ್. ಎಆರ್-3 ಬಂದದ್ದು 1958ರಲ್ಲಿ, 3ಎ ಬಂದದ್ದು 1967ರಲ್ಲಿ. ವೇದಿಕೆಯ ಮೇಲೆ ತಂತಿವಾದ್ಯದವರನ್ನು ಕೂರಿಸಿ, ಮಧ್ಯೆ ಅವರು ಕಮಾನು ಮಾತ್ರ ಆಡಿಸುತ್ತಾ ಸ್ಪೀಕರಿನಿಂದ ರೆಕಾರ್ಡಿಂಗ್ ಕೇಳಿಸಿ, ಯಾವುದು ಯಾವುದು ಅಂತ ಜನರನ್ನು ಕೇಳುತ್ತಿದ್ದ ಕಂಪನಿ ಇದು.

ಟೇಪು ಅಂಟಿಸಿದವನ ಜೊತೆ ಮಾತಾಡಿದೆ. ವ್ಯಾಪಾರಿ. ಬಿಚ್ಚಿ ಮಾರುತ್ತಾನಂತೆ. ತಗ್ಗು ಸ್ವರದ ವೂಫರ್ ಬೇರೆ, ಮೇಲಿನ ಸ್ವರದ ಟ್ವೀಟರ್ ಬೇರೆ, ಸ್ವರ ಹಂಚುವ ಕ್ರಾಸ್‌ಓವರ್ ಬೇರೆ, ಬಟ್ಟೆಯ ಮೇಲಿನ ಹಿತ್ತಾಳೆ ಹೆಸರುಪಟ್ಟಿ ಕೂಡ ಬೇರೆ. ಹೀಗೆ ಮಾಡಿದರೆ ದುಡ್ಡು ಜಾಸ್ತಿ ಬರುತ್ತದೆ, ನಿಜ. ಆದರೆ ಐವತ್ತು ಚಿಲ್ಲರೆ ವರ್ಷ ಜೋಡಿಯಾಗಿ ಹಾಡಿದ ಸ್ಪೀಕರನ್ನು ಹಾಗೆ ತುಂಡು ತುಂಡು ಮಾಡುವುದು ನನಗೆ ತಪ್ಪೆಂದೇ ಕಾಣುತ್ತದೆ. ಬಿಡಿ ಭಾಗ ಬೇಕಾದರೆ ಕೆಟ್ಟುಹೋದ ಜೋಡಿಗಳು ಎಷ್ಟೋ ಇವೆ. ಹಾಡುತ್ತಿರುವುದನ್ನು ಕೊಲ್ಲಬಾರದು. ಅದನ್ನು ಅವನಿಗೆ ನೇರವಾಗಿಯೇ ಹೇಳಿದೆ. ಅವನು ಭುಜ ಕುಣಿಸಿ ಬಿಲ್ಲು ಮಾಡಿಸಲು ಹೋದ.

ಮೇಲೆ ಓದುವ ಕೋಣೆಗೆ ಯಾರೂ ಹೋಗಿರಲಿಲ್ಲ. ಅಲ್ಲಿ ಕಿಟಕಿ ಪಕ್ಕ ಎಆರ್-4ಎಕ್ಸ್ ಜೋಡಿ. 1965ರ ಮಾದರಿ, ಆಗ ಒಂದಕ್ಕೆ 57 ಡಾಲರ್. 8 ಇಂಚಿನ ವೂಫರ್, ಒಂದು ಟ್ವೀಟರ್, ಅಷ್ಟೇ. ವಿದ್ಯಾರ್ಥಿಗಳೂ ಕೊಳ್ಳಬಹುದಾಗಿದ್ದ ಸ್ಪೀಕರ್. ಜೋಡಿಗೆ 80 ಡಾಲರ್ ಅಂತ ಚೀಟಿ. ನನ್ನ ಕೈ ಬೆವರಿತು.

ಭಾವ ಟಾರ್ಚ್ ಹಿಡಿದರು. ನಾನು ಮುಂದಿನ ಬಟ್ಟೆಯ ಚೌಕಟ್ಟು ಮೆಲ್ಲಗೆ ತೆಗೆದೆ. ವೂಫರಿನ ಅಂಚು ಬಟ್ಟೆಯದು. ಇದು ಮುಖ್ಯ. ಆಮೇಲಿನ ವರ್ಷಗಳಲ್ಲಿ ಬಹಳ ಕಂಪನಿಗಳು ಫೋಮ್ ಅಂಚು ಹಾಕಿದವು. ಫೋಮ್ ಹದಿನೈದು ಇಪ್ಪತ್ತು ವರ್ಷಕ್ಕೆ ಪುಡಿಯಾಗಿ ಉದುರುತ್ತದೆ, ಬಟ್ಟೆ ಉಳಿಯುತ್ತದೆ. ಎರಡೂ ಕೈಯ ಬೆರಳ ತುದಿಯಿಂದ ಕೋನನ್ನು ಸಮನಾಗಿ ಒಳಕ್ಕೆ ಒತ್ತಿ ಬಿಟ್ಟೆ. ಟಪ್ಪನೆ ವಾಪಸ್ ಬಂದರೆ ಪೆಟ್ಟಿಗೆ ಎಲ್ಲೋ ಗಾಳಿ ಬಿಡುತ್ತಿದೆ ಅಂತ ಅರ್ಥ. ಇದು ಸಾವಕಾಶವಾಗಿ, ಒಂದು ಸೆಕೆಂಡಿಗೂ ಮೀರಿ ಸಮಯ ತೆಗೆದುಕೊಂಡು ಮೇಲೆ ಬಂತು. ಅಂದರೆ ಅರವತ್ತು ವರ್ಷದ ಹಿಂದೆ ಮುಚ್ಚಿದ ಪೆಟ್ಟಿಗೆ ಇನ್ನೂ ಗಟ್ಟಿಯಾಗಿದೆ. ಇನ್ನೊಂದೂ ಹಾಗೇ. ಹಿಂದೆ ಟ್ವೀಟರ್ ಹೆಚ್ಚು ಕಡಿಮೆ ಮಾಡುವ ಗುಂಡಿ ಗರಗರ ಅಂದಿತು. ಎಆರ್ ಸ್ಪೀಕರುಗಳಲ್ಲಿ ಈ ಗುಂಡಿಯ ಒಳಗೆ ಹಸಿರು ಕಿಲುಬು ಕಟ್ಟುವುದು ಮಾಮೂಲು. ತೊಳೆದರೆ ಸರಿಹೋಗುತ್ತದೆ, ಇಲ್ಲದಿದ್ದರೆ ಹೊಸದು ಹಾಕಬಹುದು. ಹಿಂದಿನ ಚೀಟಿಯಲ್ಲಿ 24 ಥಾರ್ನ್‌ಡೈಕ್ ಸ್ಟ್ರೀಟ್, ಕೇಂಬ್ರಿಜ್ ಅಂತ ವಿಳಾಸ. ನಾವು ನಿಂತಿದ್ದ ಜಾಗದಿಂದ ಅರ್ಧ ಗಂಟೆಯ ದಾರಿ.

ಮೊದಲ ದಿನ ಚೌಕಾಸಿ ಮಾಡುವ ಪದ್ಧತಿ ಇಲ್ಲ. ಚೀಟಿಯಲ್ಲಿದ್ದಷ್ಟೇ ಕೊಟ್ಟೆ. ದುಡ್ಡು ಕೊಡುವ ಮೇಜಿನ ಪಕ್ಕ ಮನೆಯ ಮಗಳು ಕೂತಿದ್ದರು, ಅರವತ್ತರ ಹತ್ತಿರದವರು. ಸಾಮಾನ್ಯವಾಗಿ ಮನೆಯವರು ಸೇಲ್ ದಿನ ಇರುವುದಿಲ್ಲ, ನೋಡೋಕೆ ಆಗುವುದಿಲ್ಲ. ಇವರಿದ್ದರು. "ಅದು ಅಪ್ಪನ ಕೋಣೆಯದು. ಕೆಳಗಿನ ದೊಡ್ಡದು ನೆಂಟರು ಬಂದಾಗ ಮಾತ್ರ. ಅಪ್ಪ ದಿನಾ ಕೇಳುತ್ತಿದ್ದದ್ದು ಇದನ್ನೇ, ಡಬ್ಲ್ಯುಸಿಆರ್‌ಬಿ ರೇಡಿಯೋ ಹಾಕಿಕೊಂಡು" ಅಂದರು. ಎದ್ದು ಮೇಲೆ ಹೋಗಿ, ಮಾರಾಟಕ್ಕಿಲ್ಲದ ಯಾವುದೋ ಫೈಲಿನಿಂದ ಐದು ವರ್ಷದ ಗ್ಯಾರಂಟಿ ಕಾರ್ಡು ತಂದುಕೊಟ್ಟರು. "ನೀವು ಕೇಳ್ತೀರಾ, ಮಾರ್ತೀರಾ?" ಅಂತ ಕೇಳಿದರು. ಕೇಳುತ್ತೇನೆ ಅಂದೆ. ಭಾವ ಪಕ್ಕದಿಂದ, "ನನ್ನ ಬಾಮೈದ ಮಾರೋನಲ್ಲ" ಅಂತ ಇಂಗ್ಲಿಷಿನಲ್ಲಿ ಸಾಕ್ಷಿ ನುಡಿದರು.

ಶನಿವಾರ: ಆಕ್ಟನ್, ಆಮೇಲೆ ಫ್ರೇಮಿಂಗ್‌ಹ್ಯಾಮ್

ಆಕ್ಟನ್‌ನ ಸೇಲ್ ಶುಕ್ರವಾರವೇ ಶುರುವಾಗಿತ್ತು. ಶನಿವಾರ ಎಲ್ಲದಕ್ಕೂ ಅರ್ಧ ಬೆಲೆ. ಎರಡನೇ ದಿನ ಹೋದರೆ ಚೆಲುವಾದದ್ದು ಹೋಗಿರುತ್ತದೆ, ಒಳ್ಳೆಯದು ಒಂದೊಂದು ಸಲ ಉಳಿದಿರುತ್ತದೆ. ಭಾರ ಜಾಸ್ತಿ ಇರುವ, ಧೂಳು ಹಿಡಿದ, ಏನೆಂದು ಗೊತ್ತಾಗದ ಸಾಮಾನುಗಳಿಗೆ ಎರಡನೇ ದಿನವೇ ಸರಿ.

ಈ ಮನೆ ನೋಡಿ ನನಗೆ ಮಾತೇ ಬರಲಿಲ್ಲ. ಬೇಸ್‌ಮೆಂಟಿನ ಒಂದು ಗೋಡೆ ಪೂರ್ತಿ ಹಲಗೆ, ಅದರ ಮೇಲೆ ಪ್ರತಿಯೊಂದು ಇಕ್ಕಳ, ಸ್ಕ್ರೂಡ್ರೈವರ್ ಎಲ್ಲಿರಬೇಕೆಂದು ಅದರದೇ ಆಕಾರದ ಗೆರೆ. ಸಣ್ಣ ಡ್ರಾಯರುಗಳ ಮೇಲೆ ರೆಸಿಸ್ಟರ್ ಅಳತೆಗಳು, ಅಚ್ಚುಕಟ್ಟಾದ ಕೈಬರಹ. ಮೇಜಿನ ಕೆಳಗೆ ಬೂದು ಬಣ್ಣದ ವೇರಿಯಾಕ್. ವೋಲ್ಟೇಜನ್ನು ಸೊನ್ನೆಯಿಂದ ನಿಧಾನವಾಗಿ ಏರಿಸುವ ಈ ಟ್ರಾನ್ಸ್‌ಫಾರ್ಮರಿಗೆ ಆ ಹೆಸರು ಕೊಟ್ಟದ್ದು ಜನರಲ್ ರೇಡಿಯೋ ಕಂಪನಿ. ಕೇಂಬ್ರಿಜ್‌ನಲ್ಲಿ ಹುಟ್ಟಿ ಆಮೇಲೆ ಪಕ್ಕದ ಕಾಂಕರ್ಡ್‌ಗೆ ಬಂದ ಕಂಪನಿ ಅದು. ಹರ್ಮನ್ ಹಾಸ್ಮರ್ ಸ್ಕಾಟ್ 1947ರಲ್ಲಿ ಸ್ವಂತ ಕಂಪನಿ ಕಟ್ಟುವ ಮೊದಲು ಅಲ್ಲಿಯೇ ಎಂಜಿನಿಯರ್ ಆಗಿದ್ದರು.

ವೇರಿಯಾಕ್ ಪಕ್ಕದಲ್ಲೇ ಸ್ಕಾಟ್ 299ಬಿ ಆಂಪ್ಲಿಫೈಯರ್. ಮೇಲೆ ಧೂಳು, ಮುಂದೆ ತಿಳಿ ಚಿನ್ನದ ಬಣ್ಣದ ಫಲಕ. ಚೀಟಿಯಲ್ಲಿ 400, ಈಗ 200. ನಿನ್ನೆ ಇಷ್ಟು ಜನ ನೋಡಿ ಬಿಟ್ಟು ಹೋದದ್ದು ಯಾಕೆ ಅಂತ ಗೊತ್ತಾಯಿತು. ಒಂದು ಬದಿಯಲ್ಲಿ "ಪರೀಕ್ಷಿಸಿಲ್ಲ" ಅಂತ ಬರೆದಿತ್ತು. ನನಗೆ ಅದೇ ಒಳ್ಳೆ ಸುದ್ದಿ. ನಾನು ಹೆದರುವುದು "ಲೈಟ್ ಹತ್ತುತ್ತದೆ" ಅಂತ ಬರೆದ ಚೀಟಿಗೆ. ವರ್ಷಗಟ್ಟಲೆ ಸುಮ್ನೆ ಕೂತ ವಾಲ್ವ್ (ಗಾಜಿನ ಎಲೆಕ್ಟ್ರಾನಿಕ್ ಕೊಳವೆ) ಆಂಪ್ಲಿಫೈಯರನ್ನು ನೇರವಾಗಿ 120 ವೋಲ್ಟ್‌ಗೆ ಚುಚ್ಚಿದರೆ, ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ಒಮ್ಮೆಲೇ ಬಿಸಿಯಾಗಿ ಶಾರ್ಟ್ ಆಗಬಹುದು. ಅದರ ಹಿಂದೆ, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಹೋಗುತ್ತದೆ, ಗ್ರಹಚಾರ ಕೆಟ್ಟರೆ ಪವರ್ ಟ್ರಾನ್ಸ್‌ಫಾರ್ಮರ್ ಕೂಡ. ವಾಲ್ವ್ ಹೋದರೆ ಇನ್ನೊಂದು ಸಿಗುತ್ತದೆ. ಟ್ರಾನ್ಸ್‌ಫಾರ್ಮರ್ ಸುಟ್ಟರೆ ಆಂಪ್ಲಿಫೈಯರಿನ ಜೀವವೇ ಹೋದಂತೆ.

ಮೇಲಿನ ಮುಚ್ಚಳ ಬಿಚ್ಚಿದೆವು. ಮೂಸಿ ನೋಡಿದೆ, ಸುಟ್ಟ ವಾಸನೆ ಇಲ್ಲ. ಟ್ರಾನ್ಸ್‌ಫಾರ್ಮರುಗಳಿಂದ ಡಾಂಬರು ಕರಗಿ ಇಳಿದಿಲ್ಲ. ಮೀಟರ್ ಹಿಡಿದು ಸುರುಳಿಗಳನ್ನು ಅಳೆದೆ, ಎಲ್ಲೂ ಕಡಿದಿಲ್ಲ. ಸ್ಕಾಟ್‌ನವರದು ಅಲ್ಯೂಮಿನಿಯಂ ತಳಕಟ್ಟು, ತುಕ್ಕು ಹಿಡಿಯುವುದಿಲ್ಲ. ಔಟ್‌ಪುಟ್‌ಗೆ ನಾಲ್ಕು 7189 ವಾಲ್ವ್‌ಗಳು ಇದ್ದ ಜಾಗದಲ್ಲೇ ಇದ್ದವು. ಸಣ್ಣ 12ಎಎಕ್ಸ್7 ವಾಲ್ವ್ ಒಂದನ್ನು ಮೆಲ್ಲಗೆ ಅಲ್ಲಾಡಿಸಿ ಎತ್ತಿ, ತಲೆಕೆಳಗು ಮಾಡಿ ಟಾರ್ಚಿಗೆ ಹಿಡಿದೆ. ಪಿನ್ನುಗಳ ನಡುವೆ ಗಾಜಿನಲ್ಲಿ ಒತ್ತಿದ ಪುಟ್ಟ ವಜ್ರದ ಗುರುತು. ಮೇಲೆ ಸ್ಕಾಟ್ ಅಂತ ಅಚ್ಚಿದ್ದರೂ ಅದು ಜರ್ಮನಿಯ ಟೆಲಿಫುಂಕನ್ ಮಾಡಿದ್ದು. ಈ ಗುರುತು ಹುಡುಕಿಕೊಂಡು ಬಂದು ವಾಲ್ವ್ ಮಾತ್ರ ಕಿತ್ತುಕೊಂಡು ಹೋಗುವವರಿದ್ದಾರೆ. ಖಾಲಿ ಸಾಕೆಟ್ಟುಗಳ ಆಂಪ್ಲಿಫೈಯರುಗಳನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಭಾವ ಮೇಜಿನ ಡ್ರಾಯರ್ ಎಳೆದು, "ಇಲ್ನೋಡು, ಇದು ಇದರದ್ದೇ ಅಲ್ವಾ?" ಅಂದರು. ಒಳಗೆ ಸರ್ಕ್ಯೂಟ್ ಹಾಳೆ, ನಾಲ್ಕು ಮಡಿಕೆ, ಮಡಿಕೆಗಳಿಗೆ ಟೇಪು. ಅಂಚಿನಲ್ಲಿ ಪೆನ್ಸಿಲ್ ಬರಹ. ಯಾವ ವಾಲ್ವ್ ಯಾವಾಗ ಬದಲಾಯಿತು, ಬಯಾಸ್ (ವಾಲ್ವಿನ ಕರೆಂಟನ್ನು ಹದದಲ್ಲಿಡುವ ನೆಗೆಟಿವ್ ವೋಲ್ಟೇಜ್) ಎಷ್ಟಿತ್ತು, ಎಲ್ಲಾ ತಾರೀಕಿನ ಸಮೇತ. ಮೊದಲನೆಯದು 1963ರದು, ಕೊನೆಯದು 2009ರದು. ಅಕ್ಷರ ಮೊದಲು ಗುಂಡಗಿದೆ, ಕೊನೆಕೊನೆಗೆ ನಡುಗಿದೆ. ಈ ಹಾಳೆ ನೋಡಿದ ಮೇಲೆ ಬೇರೆ ಪರೀಕ್ಷೆ ಬೇಕಿರಲಿಲ್ಲ. ಇಷ್ಟು ಜೋಪಾನ ಮಾಡಿದ ಮನುಷ್ಯ ಒಳಗೆ ಏನನ್ನೂ ಹಾಳು ಬಿಟ್ಟಿರುವುದಿಲ್ಲ. ಆಂಪ್ಲಿಫೈಯರ್, ವೇರಿಯಾಕ್ ಎರಡನ್ನೂ ಕೊಂಡೆ. ಹಾಳೆಯನ್ನೂ ಕೊಡುತ್ತೀರಾ ಅಂತ ಕೇಳಿ ಪಡೆದೆ. ಕಂಪನಿಯವರು ಅದನ್ನು ಕಸದ ಚೀಲಕ್ಕೆ ಹಾಕುವವರಿದ್ದರು. ಸರ್ಕ್ಯೂಟ್ ಹಾಳೆ, ಮ್ಯಾನ್ಯುಯಲ್, ರಸೀದಿ ಇವನ್ನು ಯಂತ್ರದ ಜೊತೆಗೇ ಕೇಳಿ ತೆಗೆದುಕೊಳ್ಳಿ. ಯಂತ್ರದಷ್ಟೇ ಬೆಲೆ ಅದಕ್ಕೂ ಇದೆ.

ವಾಪಸ್ ಬರುವಾಗ ಫ್ರೇಮಿಂಗ್‌ಹ್ಯಾಮ್‌ನಲ್ಲಿ ಇನ್ನೊಂದು ಮನೆ. ಅಲ್ಲಿ ಬೋಸ್ 901 ಜೋಡಿ, ಆ ಊರಿನಲ್ಲಿ ಇರದಿದ್ದರೇ ಆಶ್ಚರ್ಯ. 1968ರಲ್ಲಿ ಬಂದ ವಿನ್ಯಾಸ. ಒಂಬತ್ತು ಸಣ್ಣ ಡ್ರೈವರುಗಳಲ್ಲಿ ಒಂದು ಮಾತ್ರ ನಮ್ಮ ಕಡೆ, ಉಳಿದ ಎಂಟೂ ಹಿಂದಿನ ಗೋಡೆ ಕಡೆ. ಜೊತೆಗೆ ಬರುವ ಈಕ್ವಲೈಸರ್ ಡಬ್ಬ ಇಲ್ಲದಿದ್ದರೆ ತಗ್ಗು ಸ್ವರವೂ ಇಲ್ಲ, ಮೇಲಿನದೂ ಇಲ್ಲ. ಸೇಲ್‌ಗಳಲ್ಲಿ ಕಾಣೆಯಾಗುವುದು ಅದೇ ಡಬ್ಬ. ಒಬ್ಬ ಹುಡುಗ ಜೋಡಿಯನ್ನು ಕೊಳ್ಳುವುದೋ ಬೇಡವೋ ಅಂತ ನಿಂತಿದ್ದ. ಅವನ ಜೊತೆ ನಾವೂ ಹುಡುಕಿದೆವು. ವಿಸಿಆರ್ ಕ್ಯಾಸೆಟ್ಟುಗಳ ರಾಶಿಯ ಹಿಂದೆ ಸಿಕ್ಕಿತು, ಅದಕ್ಕೆ ಬೇರೆ ಚೀಟಿ, 5 ಡಾಲರ್. ಅವನ ಮುಖ ನೋಡಿ ಭಾವನಿಗೂ ಖುಷಿಯಾಯಿತು. ಅಮರ್ ಬೋಸ್ ಅವರ ತಂದೆ ಬ್ರಿಟಿಷರ ಕಣ್ಣು ತಪ್ಪಿಸಿ ಬಂಗಾಳದಿಂದ ಅಮೆರಿಕಕ್ಕೆ ಬಂದವರು. ಎರಡನೇ ಮಹಾಯುದ್ಧದ ಹೊತ್ತಿಗೆ ಫಿಲಡೆಲ್ಫಿಯಾದಲ್ಲಿ ಹೈಸ್ಕೂಲಿನ ಅಮರ್ ರೇಡಿಯೋ ರಿಪೇರಿ ಮಾಡಿ ಮನೆಗೆ ದುಡಿದರು. ಎಂಐಟಿಯ ಪ್ರೊಫೆಸರ್ ಆದದ್ದು ಆಮೇಲೆ.

ಅದೇ ಮನೆಯಲ್ಲಿ ಅಡ್ವೆಂಟ್ 201 ಕ್ಯಾಸೆಟ್ ಡೆಕ್ ಇತ್ತು, 1971ರದು. ರಬ್ಬರು ಸವೆದು ಜಾರುತ್ತಿತ್ತು, ಕೊಳ್ಳಲಿಲ್ಲ. ಆದರೆ ಅದನ್ನು ಮುಟ್ಟಿ ನೋಡಿದೆ. ಕ್ಯಾಸೆಟ್ಟಿನಲ್ಲೂ ಸಂಗೀತ ಕೇಳಬಹುದು ಅಂತ ಜನ ನಂಬಿದ್ದು ಈ ಡೆಕ್ಕಿನಿಂದ. ಅದರೊಳಗಿನ ಡಾಲ್ಬಿ ಸರ್ಕ್ಯೂಟಿಗೆ ಭಾರತದ ನಂಟಿದೆ. ರೇ ಡಾಲ್ಬಿ 1963ರಿಂದ 1965ರವರೆಗೆ ಯುನೆಸ್ಕೊ ಸಲಹೆಗಾರರಾಗಿ ಭಾರತದಲ್ಲಿದ್ದರು. ಟೇಪಿನ ಸುಯ್‌ಗುಡುವ ಸದ್ದನ್ನು ತಗ್ಗಿಸುವ ಯೋಚನೆ ಬಲಿತದ್ದು ಅಲ್ಲೇ. 1965ರಲ್ಲಿ ಲಂಡನ್‌ಗೆ ಹೋಗಿ ಕಂಪನಿ ತೆರೆದರು. ಆ ಸರ್ಕ್ಯೂಟಿನ ಸರಳ ರೂಪವನ್ನು ಮನೆಬಳಕೆಗೆ ಮಾಡಿಕೊಡಿ ಅಂತ ಬೆನ್ನು ಹತ್ತಿದವರು ಅದೇ ಹೆನ್ರಿ ಕ್ಲಾಸ್.

ಭಾನುವಾರ: ಕೇಂಬ್ರಿಜ್, ಆಮೇಲೆ ಭಾವನ ಗ್ಯಾರೇಜು

ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಪ್ರತಿ ತಿಂಗಳ ಮೂರನೇ ಭಾನುವಾರ ಎಂಐಟಿಯ ಸ್ವಾಪ್‌ಫೆಸ್ಟ್. ಆಲ್ಬನಿ ಸ್ಟ್ರೀಟಿನ ಪಾರ್ಕಿಂಗ್ ಕಟ್ಟಡದಲ್ಲಿ ಹಳೆ ಎಲೆಕ್ಟ್ರಾನಿಕ್ಸ್ ಸಂತೆ. ಹ್ಯಾಮ್ ರೇಡಿಯೋದವರು ಕಾರಿನ ಡಿಕ್ಕಿ ತೆರೆದು ಕೂರುತ್ತಾರೆ. ನನಗೆ ಬೇಕಿದ್ದದ್ದು ಸ್ಕಾಟ್‌ಗೆ ನಾಲ್ಕು ಕಪ್ಲಿಂಗ್ ಕೆಪಾಸಿಟರ್, ಅಂದರೆ ಡಿಸಿ ತಡೆದು ಸಂಗೀತದ ಸಂಕೇತ ಮಾತ್ರ ಮುಂದಿನ ವಾಲ್ವಿಗೆ ದಾಟಿಸುವವು. ಬೇಗ ಸಿಕ್ಕವು.

ಒಂದು ಮೇಜಿನ ಮೇಲೆ ಚಪ್ಪಲಿ ಡಬ್ಬದ ತುಂಬ ಬಿಡಿ ವಾಲ್ವ್‌ಗಳು. ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಒಂದರ ಗಾಜಿನ ಮೇಲೆ ಇಎಲ್84, ಕೆಳಗೆ ಬಿಇಎಲ್, ಇಂಡಿಯಾ. ನಮ್ಮ ಜಾಲಹಳ್ಳಿಯದು! ಭಾವನನ್ನು ಜೋರಾಗಿ ಕರೆದೆ. ಭಾರತ್ ಎಲೆಕ್ಟ್ರಾನಿಕ್ಸ್ ಶುರುವಾದದ್ದು 1954ರಲ್ಲಿ, ರೇಡಿಯೋ ವಾಲ್ವ್ ಮಾಡತೊಡಗಿದ್ದು 1961ರಲ್ಲಿ. ಭಾವ ಆ ಗಾಜನ್ನು ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಅವರ ಚಿಕ್ಕಪ್ಪ ಬಿಇಎಲ್‌ನಲ್ಲಿ ಕೆಲಸಕ್ಕಿದ್ದವರು. "ಇದನ್ನ ಅವರೇ ಪ್ಯಾಕ್ ಮಾಡಿರಬಹುದು, ಯಾರಿಗ್ಗೊತ್ತು" ಅಂದರು.

ಮಾರುತ್ತಿದ್ದ ಅಜ್ಜ, ಇದನ್ನು ಯಾವುದಕ್ಕೆ ಹಾಕುತ್ತೀಯ ಅಂತ ಕೇಳಿದರು. ಸ್ಕಾಟ್ 299ಬಿ ಇದೆ ಅಂದೆ. ಅದಕ್ಕೆ ಬೇಡ ಅಂದರು, ನನಗೂ ಅದೇ ಅಭಿಪ್ರಾಯ. ಇಎಲ್84 ಮತ್ತು 7189 ಒಂದೇ ಸಾಕೆಟ್ಟಿಗೆ ಕೂರುತ್ತವೆ, ನೋಡೋಕೂ ಒಂದೇ ಥರ. ಆದರೆ ಇಎಲ್84 ತಡೆಯುವುದು 300 ವೋಲ್ಟ್, 7189 ತಡೆಯುವುದು 400. ಸ್ಕಾಟ್ ಅದರ ಮೇಲೆ 300ಕ್ಕಿಂತ ಜಾಸ್ತಿ ಹೇರುತ್ತದೆ. ಬಿಇಎಲ್ ವಾಲ್ವನ್ನು ಹಾಸನದ ಮನೆಗೆ ಒಯ್ಯುತ್ತೇನೆ. ಅಪ್ಪನ ವಾಲ್ವ್ ರೇಡಿಯೋದ ಔಟ್‌ಪುಟ್‌ನಲ್ಲಿ ಇರುವುದೂ ಇಎಲ್84, ಈಗ ಸುಸ್ತಾಗಿದೆ. ಅಜ್ಜ 4 ಡಾಲರ್ ತೆಗೆದುಕೊಂಡು, ಹಳೆ ಪತ್ರಿಕೆಯಲ್ಲಿ ಸುತ್ತಿ ಕೊಟ್ಟರು.

ಮಧ್ಯಾಹ್ನ ಗ್ಯಾರೇಜಿನಲ್ಲಿ ಕೆಲಸ. ಔಟ್‌ಪುಟ್ ವಾಲ್ವ್‌ಗಳನ್ನು ತೆಗೆದಿಟ್ಟೆ. 5ಎಆರ್4 ರೆಕ್ಟಿಫೈಯರ್ ಕಿತ್ತು ಅದರ ಜಾಗಕ್ಕೆ ಡಯೋಡ್ ಅಡಾಪ್ಟರ್ ಹಾಕಿದೆ, ಯಾಕೆಂದರೆ ಕಡಿಮೆ ವೋಲ್ಟೇಜಿನಲ್ಲಿ ವಾಲ್ವ್ ರೆಕ್ಟಿಫೈಯರ್ ಕೆಲಸವೇ ಮಾಡುವುದಿಲ್ಲ. ವೇರಿಯಾಕ್‌ನಿಂದ ಮೊದಲು 30 ವೋಲ್ಟ್. ಅರ್ಧ ಗಂಟೆ ಬಿಟ್ಟು 45. ಹೀಗೆ ಮೆಲ್ಲಮೆಲ್ಲಗೆ. ಕೆಪಾಸಿಟರುಗಳ ಒಳಗಿನ ಪದರ ಮತ್ತೆ ಕಟ್ಟಿಕೊಳ್ಳಲು ಸಮಯ ಕೊಡಬೇಕು. ಆಗಾಗ ಮುಟ್ಟಿ ನೋಡಿದೆ, ಡಬ್ಬಗಳು ತಣ್ಣಗೇ ಇದ್ದವು. ಸಾಕೆಟ್ಟಿನ ಗ್ರಿಡ್ ಪಿನ್ನಿನಲ್ಲಿ ಅಳೆದಾಗ ಎರಡು ಕಡೆ ನೆಗೆಟಿವ್ ವೋಲ್ಟೇಜ್ ಇರಬೇಕಾದ್ದಕ್ಕಿಂತ ಕಡಿಮೆ. ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿದೆ. ಹಾಗೇ ಬಿಟ್ಟಿದ್ದರೆ ವಾಲ್ವ್ ಒಳಗಿನ ತಗಡು ಕೆಂಪಗೆ ಕಾಯುತ್ತಿತ್ತು. ಆಫ್ ಮಾಡಿ, ಕೆಪಾಸಿಟರುಗಳ ಚಾರ್ಜ್ ಇಳಿಸಿ, ನಾಲ್ಕನ್ನೂ ಬದಲಾಯಿಸಿದೆ.

ಅಷ್ಟರಲ್ಲಿ ಅಕ್ಕ ಒದ್ದೆ ಬಟ್ಟೆ ತಂದು ಎಆರ್-4ಎಕ್ಸ್ ಪೆಟ್ಟಿಗೆಗಳನ್ನು ಒರೆಸುತ್ತಿದ್ದಳು. "ವಾಲ್ನಟ್ ಮರ ಅಲ್ವೇನೋ, ಚೆನ್ನಾಗಿದೆ" ಅಂದಳು. ಎಲ್ಲ ಜೋಡಿಸಿ, 5ಎಆರ್4 ವಾಪಸ್ ಹಾಕಿ, 115 ವೋಲ್ಟ್‌ವರೆಗೆ ಏರಿಸಿದಾಗ ಕತ್ತಲಾಗಿತ್ತು. ಭಾವ ಮೈಸೂರಿನಿಂದ ತಂದಿಟ್ಟುಕೊಂಡಿದ್ದ ದೊರೆಸ್ವಾಮಿ ಅಯ್ಯಂಗಾರರ ವೀಣೆಯ ಎಲ್‌ಪಿ ಹಾಕಿದರು. ಮಂದ್ರದ ತಂತಿಯಲ್ಲಿ ಬೆರಳು ಜಾರುವ ಸದ್ದು, ಮೀಟಿದ ಮೇಲೆ ಸ್ವರ ಉಳಿದುಕೊಳ್ಳುವ ರೀತಿ, ಎಲ್ಲವೂ ಗ್ಯಾರೇಜಿನ ಸಿಮೆಂಟ್ ನೆಲದ ಮೇಲೆ ಕೇಳಿಸಿತು. 8 ಇಂಚಿನ ವೂಫರಿನಿಂದ ಇಷ್ಟು ಕೆಳಗಿನ ಸ್ವರ! ಅಕ್ಕ ಒಂದು ಬದಿ ಪೂರ್ತಿ ನಿಂತು ಕೇಳಿದಳು. ಆಮೇಲೆ ಪೆನ್ಸಿಲ್ ಹಾಳೆ ನೋಡಿ, ಅವರು ಏನಾಗಿದ್ದರು, ಮಕ್ಕಳೆಷ್ಟು ಅಂತೆಲ್ಲ ವಿಚಾರಿಸಿದಳು. ಹಾಳೆಯಲ್ಲಿ ಇದ್ದಷ್ಟೇ ನನಗೂ ಗೊತ್ತು. 2009ರ ಸಾಲಿನ ಕೆಳಗೆ ಇವತ್ತಿನ ತಾರೀಕು, ಹೊಸ ಕೆಪಾಸಿಟರಿನ ಅಳತೆ, ನಾಲ್ಕು ಬಯಾಸ್ ಅಳತೆಗಳನ್ನು ಬರೆದೆ.

ಕೆಲಸ ಇನ್ನೂ ಇದೆ. ಬಲಗಡೆ ಚಾನೆಲ್ಲಿನಲ್ಲಿ ಸಣ್ಣ ಗುಂಯ್ ಸದ್ದು ಉಳಿದಿದೆ, ಫಿಲ್ಟರ್ ಕೆಪಾಸಿಟರ್ ಒಂದನ್ನು ಹಾಕಬೇಕಾಗಬಹುದು. ಸ್ಪೀಕರಿನ ಗುಂಡಿಗಳನ್ನು ಬಿಚ್ಚಿ ತೊಳೆಯಬೇಕು. ಇದಕ್ಕೆ ಜೊತೆಯಾಗಿ ಸ್ಕಾಟ್ 350 ಟ್ಯೂನರ್ ಸಿಕ್ಕಿದರೆ ಒಳ್ಳೆಯದು. 1961ರ ಜೂನ್‌ನಲ್ಲಿ ಎಫ್‌ಎಂ ಸ್ಟೀರಿಯೊ ಪ್ರಸಾರ ಶುರುವಾದಾಗ ಮೊದಮೊದಲು ಬಂದ ಟ್ಯೂನರುಗಳಲ್ಲಿ ಅದೂ ಒಂದು. ಮೇನಾರ್ಡ್ ಸುತ್ತಮುತ್ತಲೇ ಎಲ್ಲೋ ಇರಬೇಕು. ಅಕ್ಟೋಬರ್‌ನಲ್ಲಿ ಸಡ್ಬರಿ ಕಡೆ ಸೇಲ್ ಬಿದ್ದರೆ ಬೆಳಗ್ಗೆ ಹೋಗಿ ಹೆಸರು ಬರೆಸುತ್ತೇನೆ ಅಂತ ಭಾವ ಒಪ್ಪಿಕೊಂಡಿದ್ದಾರೆ.